ತೂಕದ ಚೀಟಿ ಡಿಸೈನರ್‌ಗೆ ನಮ್ಮದೇ ಪ್ರಾಪರ್ಟಿ ಎಡಿಟರ್: ವಿನ್‌ಫಾರ್ಮ್ಸ್‌ನಲ್ಲೇ ಇರಲೋ, ಕ್ಯೂಟಿಗೆ ಹೋಗಲೋ?

ಗಂಗಾವತಿ_ಚೀಟಿ · ಸೋಮವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ್ರಿ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಅಕ್ಕಿ ಗಿರಣಿಗಳಿಗೆ ತೂಕದ ಚೀಟಿ ತಂತ್ರಾಂಶ ಮಾಡಿಕೊಡ್ತೀನಿ. ವೇಬ್ರಿಡ್ಜ್ ಇಂಡಿಕೇಟರ್‌ನಿಂದ ಸೀರಿಯಲ್ ಪೋರ್ಟ್ ಹಾದು ತೂಕ ಬರ್ತೈತಿ. ಲಾರಿ ನಂಬರ್, ಒಟ್ಟು ತೂಕ, ಖಾಲಿ ಲಾರಿ ತೂಕ, ನಿವ್ವಳ, ತೇವಾಂಶ, ಕಡಿತ ಎಲ್ಲಾ ಕೂಡಿ 80 ಮಿ.ಮೀ. ಥರ್ಮಲ್ ರೋಲಿನ ಮ್ಯಾಲೆ ಚೀಟಿ ಬೀಳ್ತೈತಿ. ಒಂದೊಂದು ಗಿರಣಿಗೆ ಒಂದೊಂದು ನಮೂನಿ ಚೀಟಿ ಬೇಕು. ಅದಕ್ಕ ಒಂದು ಡಿಸೈನರ್ ಪರದೆ ಇಟ್ಟೀನಿ: ನಡುವೆ ಚೀಟಿ, ಬಲಕ್ಕ ಆರಿಸಿದ ಅಂಶದ ಪ್ರಾಪರ್ಟಿಗಳು, ಅಂದರ ಅದರ ಜಾಗ, ಅಗಲದಂಥ ಗುಣಗಳು.

ಆ ಬಲಗಡೆ ಪಟ್ಟಿ ಬಗ್ಗೆನೇ ಕೇಳಬೇಕಾಗೇತಿ. ಈಗ ಪ್ರತಿ ಅಂಶಕ್ಕೂ ಬೇರೆ ಪ್ಯಾನೆಲ್ ಐತಿ, ಟೆಕ್ಸ್ಟ್‌ಬಾಕ್ಸ್ ಮ್ಯಾಲೆ ಟೆಕ್ಸ್ಟ್‌ಬಾಕ್ಸ್. ಕ್ಯೂಆರ್ ಕೋಡ್ ಅಂತ ಹೊಸ ಅಂಶ ಸೇರಿಸಿದರ ಹೊಸ ಪ್ಯಾನೆಲ್ ಬರೀಬೇಕು. ಅದನ್ನೆಲ್ಲಾ ತೆಗೆದು ಒಂದೇ ಪ್ರಾಪರ್ಟಿ ಗ್ರಿಡ್ (ಒಂದು ಕಡೆ ಹೆಸರು, ಇನ್ನೊಂದು ಕಡೆ ಮೌಲ್ಯ ಇರೋ ಪಟ್ಟಿ) ಇಡಬೇಕು ಅಂತ ವಿಚಾರ. ನನಗ ಬೇಕಾದದ್ದು ಇಷ್ಟು: ತೂಕವನ್ನ ಕೆ.ಜಿ., ಕ್ವಿಂಟಲ್, ಇಲ್ಲಾ ಚೀಲದಾಗ ಬರೀಲಿಕ್ಕೆ ಬರಬೇಕು, ನಮ್ಮ ಕಡೆ ಭತ್ತದ ವ್ಯವಹಾರ 75 ಕೆ.ಜಿ. ಚೀಲದ ಲೆಕ್ಕದಾಗ ನಡೀತೈತಿ. ಜಾಗ, ಅಗಲ ಮಿಲಿಮೀಟರ್‌ನಾಗ ಇರಬೇಕು. ತೇವಾಂಶದ ಕಡಿತದ ಕೋಷ್ಟಕ ಅಲ್ಲೇ ತಿದ್ದಲಿಕ್ಕೆ ಬರಬೇಕು. ಎಲ್ಲಾ ಹೆಸರು ಕನ್ನಡದಾಗ.

ಈಗಿನದು ಸಿ ಶಾರ್ಪ್, ವಿನ್‌ಫಾರ್ಮ್ಸ್ (ವಿಂಡೋಸ್ ಪರದೆ ಕಟ್ಟೋ ಮೈಕ್ರೋಸಾಫ್ಟ್ ಲೈಬ್ರರಿ), ಡಾಟ್‌ನೆಟ್ ಫ್ರೇಮ್‌ವರ್ಕ್ 4.8. ಕೆಲವು ಗಿರಣಿಯಾಗ ಇನ್ನೂ 32 ಬಿಟ್ ವಿಂಡೋಸ್ 7 ಐತಿ, ಪರದೆ 1366×768. ಹೆಂಗೂ ಹೊಸದಾಗಿ ಬರೀತೀಯಲ್ಲ, ಕ್ಯೂಟಿಗೆ (ಪರದೆ ಕಟ್ಟೋ ಇನ್ನೊಂದು ಲೈಬ್ರರಿ) ಹೋಗು ಅಂತ ಗೆಳೆಯರೊಬ್ಬರು ಹೇಳಾಕತ್ತಾರ. ಮುಂಗಾರು ಬೆಳೆ ಕೊಯ್ಲು ನವೆಂಬರ್‌ನಾಗ ಶುರು ಆಗೋದ್ರೊಳಗ ಮುಗಿಸಬೇಕು. ಏನಂತೀರಿ?

ಬಳ್ಳಾರಿ_ಲೇಬಲ್ · ಸೋಮವಾರ ಮಧ್ಯಾಹ್ನ

ನಾನು ಇಲ್ಲಿ ಜೀನ್ಸ್ ಘಟಕಗಳಿಗೆ ಲೇಬಲ್ ಮುದ್ರಿಸುವ ತಂತ್ರಾಂಶ ನೋಡಿಕೊಳ್ಳುತ್ತೇನೆ, ನಿಮ್ಮದರ ಹತ್ತಿರದ ಕೆಲಸವೇ. ವಿನ್‌ಫಾರ್ಮ್ಸ್ ಬಿಡಬೇಡಿ. ಪ್ರಾಪರ್ಟಿಗ್ರಿಡ್ ಎನ್ನುವ ಕಂಟ್ರೋಲ್ 2002ರ ಮೊದಲ ಡಾಟ್‌ನೆಟ್‌ನಿಂದಲೂ ಅದರೊಳಗೇ ಇದೆ. ಅದರ ಸೆಲೆಕ್ಟೆಡ್‌ಆಬ್ಜೆಕ್ಟ್‌ಗೆ ನಿಮ್ಮ ಅಂಶವನ್ನು ಕೊಟ್ಟರೆ ಸಾಕು, ಪಟ್ಟಿ ತಾನೇ ಮೂಡುತ್ತದೆ. ಪ್ಯಾನೆಲ್ ಬರೆಯುವ ಕೆಲಸ ಅಲ್ಲಿಗೆ ಮುಗಿಯಿತು.

ಆದರೆ ಬಹಳ ಜನ ಮಾಡುವುದೇನು? ಗ್ರಿಡ್ ಇಟ್ಟ ಕೂಡಲೇ ಚೆಂದದ ಡ್ರಾಪ್‌ಡೌನ್, ಸ್ಲೈಡರ್, ಬಣ್ಣದ ಪೆಟ್ಟಿಗೆ ಬರೆಯಲು ಕೂರುತ್ತಾರೆ. ಮೊದಲು ಬರೆಯಬೇಕಾದದ್ದು ಟೈಪ್, ಅಂದರೆ ಮೌಲ್ಯ ಯಾವ ಬಗೆಯದು ಎಂಬ ವಿವರ. ನಿಮ್ಮ ತೂಕ ಬರೀ ಡಬಲ್ ಆಗಿದ್ದರೆ ಗ್ರಿಡ್‌ಗೆ ಅದು ಒಂದು ಸಂಖ್ಯೆ ಮಾತ್ರ, ಅದು ಕೆ.ಜಿ.ಯೋ ಚೀಲವೋ ಯಾರಿಗೂ ಗೊತ್ತಿಲ್ಲ. ‘ತೂಕ’ ಎಂಬ ಸ್ಟ್ರಕ್ಟ್ (ನಿಮ್ಮದೇ ಸಣ್ಣ ಟೈಪ್) ಬರೆಯಿರಿ. ಒಳಗೆ ಡೆಸಿಮಲ್‌ನಲ್ಲಿ ಕೆ.ಜಿ. ಮಾತ್ರ, ಜೊತೆಗೆ ತೋರಿಸುವಾಗ ಯಾವ ಮಾನ ಎಂಬ ಗುರುತು. ಒಮ್ಮೆ ಹುಟ್ಟಿದ ಮೇಲೆ ಅದರ ಒಳಗಿನದು ಬದಲಾಗಕೂಡದು.

ಆಮೇಲೆ ಅದಕ್ಕೊಂದು ಟೈಪ್‌ಕನ್ವರ್ಟರ್. ಕನ್ವರ್ಟ್‌ಫ್ರಮ್ ಎಂಬ ಮೆಥಡ್‌ನಲ್ಲಿ ಪಠ್ಯ ಬರುತ್ತದೆ, ನೀವು ತೂಕ ಮರಳಿಸುತ್ತೀರಿ. ಕನ್ವರ್ಟ್‌ಟು ಅದರ ತಿರುಗುಮುರುಗು. ‘75 ಕೆ.ಜಿ.’, ‘0.75 ಕ್ವಿಂಟಲ್’, ‘1 ಚೀಲ’ ಎಂದು ಬರೆದರೆ ಮೂರೂ ಒಂದೇ ಮೌಲ್ಯಕ್ಕೆ ಬರಬೇಕು. ಅರ್ಥವಾಗದ್ದು ಬಂದರೆ ಎಕ್ಸೆಪ್ಷನ್ ಎಸೆಯಿರಿ, ಮೌಲ್ಯ ಸರಿಯಿಲ್ಲವೆಂದು ಗ್ರಿಡ್ ತಾನೇ ತಿಳಿಸಿ ಹಳೆಯದಕ್ಕೆ ಮರಳಲು ಬಿಡುತ್ತದೆ. ಆಯ್ಕೆಗಳ ಪಟ್ಟಿ ಬೇಕಿದ್ದರೆ ಗೆಟ್‌ಸ್ಟ್ಯಾಂಡರ್ಡ್‌ವ್ಯಾಲ್ಯೂಸ್ ಕೊಟ್ಟು, ಗೆಟ್‌ಸ್ಟ್ಯಾಂಡರ್ಡ್‌ವ್ಯಾಲ್ಯೂಸ್‌ಸಪೋರ್ಟೆಡ್ ಹೌದು ಎಂದರೆ ಡ್ರಾಪ್‌ಡೌನ್ ಬಾಣ ತಾನಾಗಿಯೇ ಬರುತ್ತದೆ. ಎಡಿಟರ್ ಅಂತ ಒಂದು ಸಾಲೂ ಬರೆಯದೆ ನಿಮ್ಮ ಬೇಡಿಕೆಯ ಅರ್ಧ ಪಾಲು ಇಲ್ಲಿಗೇ ತೀರುತ್ತದೆ.

ಒಂದು ಎಚ್ಚರಿಕೆ. ಚೀಲ ಎಂದರೆ 75 ಎಂದು ಕನ್ವರ್ಟರ್ ಒಳಗೆ ಬರೆದುಬಿಡಬೇಡಿ. ಅಕ್ಕಿ ಚೀಲ 25 ಕೆ.ಜಿ. ಇರುತ್ತದೆ. ಚೀಲದ ತೂಕ ಆ ಅಂಶದ ಇನ್ನೊಂದು ಪ್ರಾಪರ್ಟಿಯಾಗಲಿ, ಕನ್ವರ್ಟರ್‌ಗೆ ಬರುವ ಕಾಂಟೆಕ್ಸ್ಟ್‌ನ ಇನ್‌ಸ್ಟನ್ಸ್‌ನಿಂದ (ಈಗ ತಿದ್ದುತ್ತಿರುವ ಅಂಶ) ಅದನ್ನು ಓದಿ. ಹಲವು ಅಂಶ ಒಟ್ಟಿಗೆ ಆರಿಸಿದಾಗ ಆ ಇನ್‌ಸ್ಟನ್ಸ್ ಒಂದು ಅರೇ ಆಗಿರುತ್ತದೆ, ಗ್ರಿಡ್ ಹೊರಗಿನಿಂದ ಕರೆದಾಗ ಕಾಂಟೆಕ್ಸ್ಟೇ ನಲ್ ಇರಬಹುದು. ಎರಡನ್ನೂ ನಿಭಾಯಿಸಿ.

ರಾಯಚೂರು_ಕ್ಯೂಟಿ · ಸೋಮವಾರ ಸಂಜೆ

ಟೈಪ್ ಮೊದಲು ಎನ್ನುವ ಮಾತಿಗೆ ನನ್ನ ಒಪ್ಪಿಗೆ ಇದೆ. ಕ್ಯೂಟಿಯ ಪರವಾಗಿ ಹೇಳಬೇಕಾದದ್ದನ್ನೂ ಹೇಳುತ್ತೇನೆ.

ಕ್ಯೂಟಿಯಲ್ಲಿ ಸಿದ್ಧ ಪ್ರಾಪರ್ಟಿ ಗ್ರಿಡ್ ಮುಖ್ಯ ಲೈಬ್ರರಿಯೊಳಗೆ ಇಲ್ಲ. ಕ್ಯೂಟಿ ಸೊಲ್ಯೂಷನ್ಸ್‌ನ ಕ್ಯೂಟಿಪ್ರಾಪರ್ಟಿಬ್ರೌಸರ್ ಇದೆ, ಕ್ಯೂಟಿ ಡಿಸೈನರ್ ತನ್ನೊಳಗೆ ಬಳಸುವುದೂ ಅದನ್ನೇ. ಇಲ್ಲವಾದರೆ ಟ್ರೀವ್ಯೂ (ಪಟ್ಟಿ ತೋರಿಸುವುದು), ಮಾಡೆಲ್ (ಮೌಲ್ಯ ಇಟ್ಟುಕೊಳ್ಳುವುದು), ಡೆಲಿಗೇಟ್ (ತಿದ್ದಲು ಎಡಿಟರ್ ಕೊಡುವುದು) ಕೂಡಿಸಿ ನಾವೇ ಕಟ್ಟಬೇಕು. ಕಟ್ಟುವ ಕೆಲಸ ಜಾಸ್ತಿ, ಹಿಡಿತವೂ ಜಾಸ್ತಿ. ಡೆಲಿಗೇಟ್‌ನಲ್ಲಿ ನಾಲ್ಕು ಮೆಥಡ್: ಕ್ರಿಯೇಟ್‌ಎಡಿಟರ್ ವಿಜೆಟ್ ಹುಟ್ಟಿಸುತ್ತದೆ, ಸೆಟ್‌ಎಡಿಟರ್‌ಡೇಟಾ ಮಾಡೆಲ್‌ನಿಂದ ತುಂಬುತ್ತದೆ, ಸೆಟ್‌ಮಾಡೆಲ್‌ಡೇಟಾ ಮರಳಿ ಬರೆಯುತ್ತದೆ, ಅಪ್‌ಡೇಟ್‌ಎಡಿಟರ್‌ಜಿಯಾಮೆಟ್ರಿ ಜಾಗಕ್ಕೆ ಕೂರಿಸುತ್ತದೆ. ಪೂರ್ಣಾಂಕಕ್ಕೆ ಸ್ಪಿನ್‌ಬಾಕ್ಸ್, ದಿನಾಂಕಕ್ಕೆ ಡೇಟ್‌ಎಡಿಟ್ ಅದು ತಾನೇ ಕೊಡುತ್ತದೆ.

ತೂಕಕ್ಕೆ ಒಂದು ಲೈನ್‌ಎಡಿಟ್, ಪಕ್ಕದಲ್ಲಿ ಮಾನದ ಕಾಂಬೋ ಇಡುವುದಾದರೆ ಮೂರು ಸಂಗತಿ ಮರೆಯಬಾರದು. ಹೊರಗಿನ ವಿಜೆಟ್‌ಗೆ ಆಟೋಫಿಲ್‌ಬ್ಯಾಕ್‌ಗ್ರೌಂಡ್ ಹಾಕದಿದ್ದರೆ ಹಿಂದಿನ ಪಠ್ಯ ಇಣುಕುತ್ತದೆ. ಫೋಕಸ್‌ಪ್ರಾಕ್ಸಿ ಲೈನ್‌ಎಡಿಟ್‌ಗೆ ಕೊಡದಿದ್ದರೆ ಟೈಪ್ ಮಾಡಿದ್ದು ಎಲ್ಲಿಗೋ ಹೋಗುತ್ತದೆ. ಎಡಿಟರ್‌ನಲ್ಲಿ ಬಟನ್ ಒತ್ತಿ ಡೈಲಾಗ್ ತೆರೆದಾಗ ಫೋಕಸ್ ಕಳೆದು ಎಡಿಟರೇ ಮುಚ್ಚಿಹೋಗುತ್ತದೆ, ಆದ್ದರಿಂದ ಡೈಲಾಗ್‌ನ ಪೇರೆಂಟ್ ಆಗಿ ಎಡಿಟರನ್ನೇ ಕೊಡಿ. ಫೋಕಸ್ ಹೋದದ್ದು ತನ್ನ ಮಗುವಿಗೇ ಎಂದು ಗೊತ್ತಾದರೆ ಡೆಲಿಗೇಟ್ ಮುಚ್ಚುವುದಿಲ್ಲ.

ನಿಮ್ಮ ಪರಿಸ್ಥಿತಿಯಲ್ಲಿ ಮಾತ್ರ ಕ್ಯೂಟಿಗೆ ಹೋಗಿ ಎನ್ನಲಾರೆ. ಕ್ಯೂಟಿ 6 ವಿಂಡೋಸ್ 10ಕ್ಕಿಂತ ಹಳೆಯದರಲ್ಲಿ ಓಡುವುದಿಲ್ಲ. 7 ಬೇಕೆಂದರೆ 5.15ರಲ್ಲೇ ನಿಲ್ಲಬೇಕು. ಕೊಯ್ಲು ಎದುರಿಗಿರುವಾಗ ಭಾಷೆ, ಲೈಬ್ರರಿ ಎರಡನ್ನೂ ಬದಲಿಸುವುದು ಬೇಡ.

ಬಳ್ಳಾರಿಯವರ ಜೊತೆ ನನ್ನ ಭಿನ್ನಾಭಿಪ್ರಾಯ ಒಂದೇ. ಪ್ರಾಪರ್ಟಿಗ್ರಿಡ್ ಎಂಟರ್ ಒತ್ತಿದ ಮೇಲೆ ಅಥವಾ ಸಾಲು ಬಿಟ್ಟ ಮೇಲೆ ಮಾತ್ರ ಮೌಲ್ಯ ಬರೆಯುತ್ತದೆ. ಡಿಸೈನರ್‌ನಲ್ಲಿ ಅದು ಸಾಲದು. ಅಗಲ ಬದಲಿಸುತ್ತಿರುವಾಗಲೇ ಚೀಟಿಯಲ್ಲಿ ಅದು ಕಾಣಬೇಕು.

ಬಳ್ಳಾರಿ_ಲೇಬಲ್ · ಸೋಮವಾರ ರಾತ್ರಿ

ಕಾಣಲಿ, ಆದರೆ ಬರೆಯಬಾರದು. 48 ಎಂದು ಬರೆಯುವವನು ಮೊದಲು 4 ಒತ್ತುತ್ತಾನೆ. ಆ ಕ್ಷಣದಲ್ಲಿ ಅಗಲ 4 ಮಿ.ಮೀ. ಎಂದು ಮಾಡೆಲ್‌ಗೆ ಬರೆದರೆ ಪಠ್ಯ ಹತ್ತು ಸಾಲಿಗೆ ಮುರಿಯುತ್ತದೆ, ಅನ್‌ಡೂ ಪಟ್ಟಿಯಲ್ಲಿ ಕಸ ಸೇರುತ್ತದೆ. ಮುನ್ನೋಟ ಬೇರೆ, ಒಪ್ಪಿಗೆ ಬೇರೆ. ಸ್ಲೈಡರ್ ಇರುವ ಡ್ರಾಪ್‌ಡೌನ್‌ನಿಂದ ಮುನ್ನೋಟದ ಮೌಲ್ಯವನ್ನು ಕ್ಯಾನ್ವಾಸ್‌ಗೆ ಕಳಿಸಿ, ಮುಚ್ಚಿದಾಗ ಮಾತ್ರ ನಿಜವಾದ ಸೆಟ್ಟರ್ (ಪ್ರಾಪರ್ಟಿಗೆ ಮೌಲ್ಯ ಬರೆಯುವ ಕೋಡ್) ಕರೆಯಲಿ.

ರಾಯಚೂರು_ಕ್ಯೂಟಿ · ಸೋಮವಾರ ರಾತ್ರಿ

ಹೀಗಾದರೆ ಒಪ್ಪುತ್ತೇನೆ. ಎಸ್ಕೇಪ್ ಒತ್ತಿದಾಗ ಮುನ್ನೋಟವೂ ಹಿಂದಕ್ಕೆ ಹೋಗುವಂತೆ ನೋಡಿಕೊಳ್ಳಿ.

ಕೊಪ್ಪಳ_ಎಂಸಿಎ · ಮಂಗಳವಾರ

ಎಂಸಿಎ ಓದುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಇಷ್ಟೆಲ್ಲಾ ಕನ್ವರ್ಟರ್, ಡೆಲಿಗೇಟ್ ಏಕೆ ಬೇಕು? ಅಂಶಗಳು ಎಂಟೋ ಹತ್ತೋ ಇರಬಹುದು. ಸಾಮಾನ್ಯ ಫಾರ್ಮ್‌ನಲ್ಲಿ ಅಚ್ಚುಕಟ್ಟಾಗಿ ಜೋಡಿಸಿದರೆ ಬಳಸುವವರಿಗೆ ಅದೇ ಸುಲಭ ಅಲ್ಲವೇ? ಪ್ರಾಪರ್ಟಿ ಗ್ರಿಡ್ ನೋಡಿದರೆ ಪ್ರೋಗ್ರಾಮರ್‌ಗಳ ವಸ್ತುವಿನಂತೆ ಕಾಣುತ್ತದೆ.

ಕುಷ್ಟಗಿ_ಡೆಲ್ಫಿ · ಮಂಗಳವಾರ ಸಂಜೆ

ತಂಗಿ ಕೇಳಿದ್ದು ಸರಿಯಾದ ಪ್ರಶ್ನೆ, ಯಾರೂ ಅಲ್ಲಗಳೆಯಬಾರದು.

ಗಿರಣಿಯ ಹೆಸರು, ಜಿಎಸ್‌ಟಿ ಸಂಖ್ಯೆ, ಪೋರ್ಟ್ ಯಾವುದು ಎಂಬಂಥ ಸೆಟ್ಟಿಂಗ್‌ಗಳಿಗೆ ಫಾರ್ಮೇ ಮೇಲು. ಅವು ಹೆಚ್ಚುವುದಿಲ್ಲ, ಕ್ರಮ ಬದಲಾಗುವುದಿಲ್ಲ, ಒಂದಕ್ಕೊಂದು ಸಂಬಂಧ ಕಣ್ಣಿಗೆ ಕಾಣಬೇಕು. ಆದರೆ ಡಿಸೈನರ್‌ನಲ್ಲಿ ಆರಿಸಿದ ಅಂಶದ ಮೇಲೆ ಪಟ್ಟಿ ಬದಲಾಗಬೇಕು. ಐದು ಅಂಶ ಒಟ್ಟಿಗೆ ಆರಿಸಿದರೆ ಐದಕ್ಕೂ ಸಮಾನವಾದದ್ದು ಮಾತ್ರ ಉಳಿಯಬೇಕು. ಇಂದು ಇಲ್ಲದ ಅಂಶ ಬರುವ ವರ್ಷ ಬರುತ್ತದೆ. ಆ ಎಲ್ಲ ಜೋಡಣೆಗೂ ಫಾರ್ಮ್ ಬರೆಯುತ್ತಾ ಹೋದರೆ ಕೊನೆಯಿಲ್ಲ. ಅಂಶಗಳ ಎಣಿಕೆಗಿಂತ ಅವು ಮುಂದೆ ಬೆಳೆಯುತ್ತವೆಯೇ ಎಂಬುದನ್ನು ನೋಡಿ ತೀರ್ಮಾನಿಸಬೇಕು.

ಇನ್ನೊಂದು ಮಾತು. ನಾನು 1995ರ ಡೆಲ್ಫಿಯ ಕಾಲದವನು. ಅದರ ಆಬ್ಜೆಕ್ಟ್ ಇನ್‌ಸ್ಪೆಕ್ಟರ್‌ಗೆ ನಮ್ಮದೇ ಎಡಿಟರ್ ಸೇರಿಸಬೇಕೆಂದರೆ ಟಿಪ್ರಾಪರ್ಟಿಎಡಿಟರ್‌ನಿಂದ ಹೊಸ ಕ್ಲಾಸ್ ಪಡೆದು ರಿಜಿಸ್ಟರ್‌ಪ್ರಾಪರ್ಟಿಎಡಿಟರ್ ಕರೆಯುತ್ತಿದ್ದೆವು. ಗೆಟ್‌ವ್ಯಾಲ್ಯೂ, ಸೆಟ್‌ವ್ಯಾಲ್ಯೂ ಪಠ್ಯಕ್ಕೆ. ಪಟ್ಟಿ ಬೇಕಿದ್ದರೆ ಪಿಎವ್ಯಾಲ್ಯೂಲಿಸ್ಟ್, ಡೈಲಾಗ್ ಬೇಕಿದ್ದರೆ ಪಿಎಡೈಲಾಗ್. ಆಮೇಲೆ ಜಾವಾಬೀನ್ಸ್ ಬಂತು. ಅಲ್ಲಿ ಗೆಟ್‌ಆ್ಯಸ್‌ಟೆಕ್ಸ್ಟ್, ಸೆಟ್‌ಆ್ಯಸ್‌ಟೆಕ್ಸ್ಟ್, ಪಟ್ಟಿಗೆ ಗೆಟ್‌ಟ್ಯಾಗ್ಸ್, ಪೂರ್ತಿ ಸ್ವಂತ ಪರದೆಗೆ ಗೆಟ್‌ಕಸ್ಟಮ್‌ಎಡಿಟರ್. ಡಾಟ್‌ನೆಟ್‌ನಲ್ಲಿ ಕನ್ವರ್ಟರ್, ಸ್ಟ್ಯಾಂಡರ್ಡ್ ವ್ಯಾಲ್ಯೂಸ್, ಯುಐಟೈಪ್‌ಎಡಿಟರ್. ಮೂರೂ ಕಡೆ ಅವೇ ಮೂರು ಮೆಟ್ಟಿಲು: ಪಠ್ಯ, ಪಟ್ಟಿ, ಪರದೆ. ಬೇರೆ ಬೇರೆ ತಂಡಗಳು ಒಂದೇ ರೂಪಕ್ಕೆ ಬಂದು ನಿಂತಿವೆ ಎಂದರೆ ಅದರಲ್ಲಿ ತಥ್ಯ ಇದೆ. ಕೆಳಗಿನ ಮೆಟ್ಟಿಲಿನಲ್ಲಿ ಕೆಲಸ ಆಗುವುದಾದರೆ ಮೇಲಿನದಕ್ಕೆ ಹತ್ತಬೇಡಿ. ಕಣ್ಣಿನಿಂದ ನೋಡಿಯೇ ತೀರ್ಮಾನಿಸಬೇಕಾದ ಬಣ್ಣ, ಜೋಡಣೆ, ಕೋಷ್ಟಕ, ಇಂಥವಕ್ಕೆ ಮಾತ್ರ ಪರದೆ.

ಪಾಸ್ಕಲ್ ಬಲ್ಲವರು ಯಾರಾದರೂ ಓದುತ್ತಿದ್ದರೆ, ಲಜಾರಸ್‌ನಲ್ಲಿ ಟಿಟಿಐಪ್ರಾಪರ್ಟಿಗ್ರಿಡ್ ಉಚಿತವಾಗಿ ಸಿಗುತ್ತದೆ, ಹಳೆಯ ಯಂತ್ರಗಳಲ್ಲಿ ಹಗುರವಾಗಿ ಓಡುತ್ತದೆ.

ಗಂಗಾವತಿ_ಚೀಟಿ · ಬುಧವಾರ

ಎಲ್ಲರಿಗೂ ಶರಣು. ವಿನ್‌ಫಾರ್ಮ್ಸ್‌ನಾಗೇ ಇರ್ತೀನಿ. ತೂಕದ ಸ್ಟ್ರಕ್ಟ್, ಕನ್ವರ್ಟರ್ ಬರೆದು ಗ್ರಿಡ್ ಹಚ್ಚಿದೆ. ‘320 ಚೀಲ’ ಅಂತ ಹೊಡೆದರ ಒಳಗ 24,000 ಕೆ.ಜಿ. ಆಗ್ತೈತಿ, ಮಾನ ಬದಲಿಸಿದರ 240 ಕ್ವಿಂಟಲ್ ಅಂತ ತೋರಿಸ್ತೈತಿ. ಬಾಳ ಸಂತೋಷ ಆತು.

ಈಗ ತೇವಾಂಶದ ಕಡಿತ. ಸರ್ಕಾರಿ ಖರೀದಿಯಾಗ ಭತ್ತಕ್ಕ ಶೇ 17ರ ಮಿತಿ ಐತಿ, ಖಾಸಗಿಯಾಗ ಗಿರಣಿಗೊಂದು ಲೆಕ್ಕ. ‘ಇಷ್ಟರಿಂದ ಇಷ್ಟರ ತನಕ ಇದ್ದರ ಕ್ವಿಂಟಲ್‌ಗೆ ಇಷ್ಟು ಕೆ.ಜಿ. ಕಡಿತ’ ಅನ್ನೋ ಸಾಲುಗಳ ಕೋಷ್ಟಕ ಅದು. ಲಿಸ್ಟ್ ಅಂತ ಇಟ್ಟರ ಗ್ರಿಡ್ ತಾನೇ ಕಲೆಕ್ಷನ್ ಎಡಿಟರ್ ತೆರೀತೈತಿ, ಆದರ ತಿದ್ದಿದ ಮ್ಯಾಲೆ ನನ್ನ ಸೆಟ್ಟರ್‌ಗೆ ಕರೆನೇ ಬರೂದಿಲ್ಲ. ಚೀಟಿ ಮುನ್ನೋಟ ಹಳೇದೇ ಉಳೀತೈತಿ. ಇದಕ್ಕ ಏನು ಮಾಡೋದು?

ಬಳ್ಳಾರಿ_ಲೇಬಲ್ · ಬುಧವಾರ ಸಂಜೆ

ಇದು ಮೂರನೇ ಮೆಟ್ಟಿಲಿಗೆ ಹತ್ತಬೇಕಾದ ಜಾಗವೇ. ವಿವರವಾಗಿ ಬರೆಯುತ್ತೇನೆ.

ಸೆಟ್ಟರ್ ಕರೆಯದಿರುವುದಕ್ಕೆ ಕಾರಣ ಹೀಗೆ. ಸಿದ್ಧ ಕಲೆಕ್ಷನ್ ಎಡಿಟರ್ ಅದೇ ಲಿಸ್ಟ್‌ನ ಒಳಗೆ ಕೈಹಾಕಿ ತಿದ್ದುತ್ತದೆ, ಅದೇ ಲಿಸ್ಟನ್ನು ಮರಳಿಸುತ್ತದೆ. ಹೋದದ್ದೂ ಬಂದದ್ದೂ ಒಂದೇ ವಸ್ತುವಾದ್ದರಿಂದ ಏನೋ ಬದಲಾಗಿದೆ ಎಂದು ಗ್ರಿಡ್‌ಗೆ ಗೊತ್ತಾಗುವುದಿಲ್ಲ. ತೂಕದ ಸ್ಟ್ರಕ್ಟ್ ಬದಲಾಗಕೂಡದು ಎಂದು ಮೊದಲೇ ಹೇಳಿದ್ದರ ಹಿಂದೆಯೂ ಇದೇ ಇದೆ. ಇನ್ನೂ ದೊಡ್ಡ ಅಪಾಯ ಹಲವು ಅಂಶ ಆರಿಸಿದಾಗ. ಒಂದೇ ಕೋಷ್ಟಕ ಎರಡು ಅಂಶಗಳಿಗೆ ಹಂಚಿಹೋದರೆ, ಆಮೇಲೆ ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲೂ ಸದ್ದಿಲ್ಲದೆ ಬದಲಾಗುತ್ತದೆ. ಕಡಿತದ ಲೆಕ್ಕದಲ್ಲಿ ಹಾಗಾದರೆ ರೈತನ ದುಡ್ಡಿಗೆ ಹೊಡೆತ.

ಆದ್ದರಿಂದ ‘ಕಡಿತಕೋಷ್ಟಕ’ ಎಂಬ ಸ್ವಂತ ಕ್ಲಾಸ್ ಮಾಡಿ, ಅದೂ ಬದಲಾಗದಂಥದ್ದು. ಸಾಲುಗಳು ಒಂದರ ಮೇಲೊಂದು ಬೀಳುತ್ತಿವೆಯೇ, ನಡುವೆ ಖಾಲಿ ಬಿಟ್ಟಿದೆಯೇ ಎಂಬ ಪರೀಕ್ಷೆ ಅದರ ಕನ್‌ಸ್ಟ್ರಕ್ಟರ್‌ನಲ್ಲಿರಲಿ. ಡೈಲಾಗ್‌ನಲ್ಲಿ ಮಾತ್ರ ಪರೀಕ್ಷಿಸಿದರೆ, ಫೈಲ್‌ನಿಂದ ಓದಿದ ಕೆಟ್ಟ ಕೋಷ್ಟಕ ಹಾಗೇ ಒಳಗೆ ನುಸುಳುತ್ತದೆ.

ಈಗ ಎಡಿಟರ್. ಯುಐಟೈಪ್‌ಎಡಿಟರ್‌ನಿಂದ ಪಡೆದ ಕ್ಲಾಸ್‌ನಲ್ಲಿ ಗೆಟ್‌ಎಡಿಟ್‌ಸ್ಟೈಲ್ ಮೋಡಲ್ ಎಂದು ಹೇಳಲಿ, ಮೂರು ಚುಕ್ಕೆಯ ಬಟನ್ ಬರುತ್ತದೆ. ಎಡಿಟ್‌ವ್ಯಾಲ್ಯೂ ಒಳಗೆ ಪ್ರೊವೈಡರ್‌ನಿಂದ ಐವಿಂಡೋಸ್‌ಫಾರ್ಮ್ಸ್‌ಎಡಿಟರ್‌ಸರ್ವಿಸ್ ಕೇಳಿ ಪಡೆಯಿರಿ, ಡೈಲಾಗನ್ನು ಅದರ ಮೂಲಕವೇ ತೋರಿಸಿ. ಡೈಲಾಗ್‌ಗೆ ಸಾಲುಗಳ ನಕಲು ಕೊಡಿ. ಸರಿ ಎಂದರೆ ಹೊಸ ಕೋಷ್ಟಕ ಕಟ್ಟಿ ಮರಳಿಸಿ, ಬೇಡ ಎಂದರೆ ಬಂದದ್ದನ್ನೇ ಮರಳಿಸಿ. ಇಷ್ಟು ಮಾಡಿದರೆ ಸೆಟ್ಟರ್ ಸರಿಯಾಗಿ ಕರೆಯಲ್ಪಡುತ್ತದೆ.

ಸಣ್ಣ ಆಯ್ಕೆಗಳಿಗೆ, ಉದಾಹರಣೆಗೆ ಚೀಟಿಯಲ್ಲಿ ಪಠ್ಯ ಎಡಕ್ಕೋ ಬಲಕ್ಕೋ ನಡುವಿಗೋ ಎಂಬುದಕ್ಕೆ, ಡ್ರಾಪ್‌ಡೌನ್ ಶೈಲಿ ಬಳಸಿ. ಅದೇ ಸರ್ವಿಸ್‌ನ ಡ್ರಾಪ್‌ಡೌನ್‌ಕಂಟ್ರೋಲ್‌ಗೆ ನಿಮ್ಮ ಕಂಟ್ರೋಲ್ ಕೊಟ್ಟರೆ ಅದು ಮುಚ್ಚುವ ತನಕ ಆ ಸಾಲಿನಲ್ಲೇ ನಿಲ್ಲುತ್ತದೆ. ಎಸ್ಕೇಪ್ ಒತ್ತಿ ಮುಚ್ಚಿದರೋ ಆರಿಸಿ ಮುಚ್ಚಿದರೋ ಎಂದು ಅದು ತಿಳಿಸುವುದಿಲ್ಲ. ನಿಮ್ಮ ಕಂಟ್ರೋಲ್‌ನ ಪ್ರೋಸೆಸ್‌ಡೈಲಾಗ್‌ಕೀ ಒಳಗೆ ನೀವೇ ಗುರುತಿಟ್ಟುಕೊಳ್ಳಬೇಕು.

ಇನ್ನೊಂದು. ಎಡಿಟರ್ ಆ್ಯಟ್ರಿಬ್ಯೂಟನ್ನು (ಯಾವ ಎಡಿಟರ್ ಎಂದು ಹೇಳುವ ಗುರುತು) ಟೈಪ್‌ನ ಮೇಲೆ ನೇರ ಬರೆದರೆ ನಿಮ್ಮ ಲೆಕ್ಕದ ಲೈಬ್ರರಿ ವಿನ್‌ಫಾರ್ಮ್ಸ್‌ಗೆ ಅಂಟಿಕೊಳ್ಳುತ್ತದೆ. ಅದರ ಬದಲು ಪ್ರೋಗ್ರಾಂ ಶುರುವಾಗುವಾಗ ಟೈಪ್‌ಡಿಸ್ಕ್ರಿಪ್ಟರ್‌ನ ಆ್ಯಡ್‌ಆ್ಯಟ್ರಿಬ್ಯೂಟ್ಸ್ ಕರೆದು ಹೊರಗಿನಿಂದ ಜೋಡಿಸಿ. ಮುಂದೆ ಕ್ಯೂಟಿಗೋ ವೆಬ್‌ಗೋ ಹೋದರೂ ಲೆಕ್ಕದ ಭಾಗ ಮುಟ್ಟಬೇಕಾಗಿಲ್ಲ.

ಮಸ್ಕಿ_ಅಕ್ಷರ · ಗುರುವಾರ

ಕನ್ನಡದ ಬಗ್ಗೆ ಯಾರೂ ಹೇಳಿಲ್ಲ, ಎಲ್ಲರೂ ಎಡವುವುದು ಅಲ್ಲೇ. ಹಾಗಾಗಿ ಬರೆಯುತ್ತಿದ್ದೇನೆ.

ಪ್ರಾಪರ್ಟಿಗ್ರಿಡ್‌ನಲ್ಲಿ ಸಾಲಿನ ಎತ್ತರವನ್ನು ಬೇರೆಯಾಗಿ ಇಡುವ ಪ್ರಾಪರ್ಟಿ ಇಲ್ಲ, ಅದು ಫಾಂಟ್‌ನ ಎತ್ತರದಿಂದ ಬರುತ್ತದೆ. ನೀವು ಇಂಗ್ಲಿಷ್ ಫಾಂಟ್ ಇಟ್ಟು ಕನ್ನಡ ಹೆಸರು ಕೊಟ್ಟರೆ ಅಕ್ಷರಗಳು ಬೇರೆ ಫಾಂಟ್‌ನಿಂದ ಬರುತ್ತವೆ, ಎತ್ತರ ಮಾತ್ರ ಇಂಗ್ಲಿಷ್‌ನದೇ. ‘ರಾಷ್ಟ್ರೀಯ’, ‘ಉತ್ಪನ್ನ’ ಎಂಬಲ್ಲಿ ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ. ಗ್ರಿಡ್‌ಗೇ ಕನ್ನಡ ಫಾಂಟ್ ಕೊಡಿ. ವಿಂಡೋಸ್ 7ರಲ್ಲಿ ತುಂಗಾ ಇದೆ, ನಿರ್ಮಲಾ ಯುಐ ಬಂದದ್ದು ವಿಂಡೋಸ್ 8ರಿಂದ. ಎರಡರ ಎತ್ತರ ಬೇರೆಯಾದ್ದರಿಂದ ನೋಟೋ ಸಾನ್ಸ್ ಕನ್ನಡವನ್ನು ನಿಮ್ಮ ಸೆಟಪ್ ಜೊತೆಗೇ ಹಾಕಿಬಿಡುವುದು ಒಳ್ಳೆಯದು, ಅದರ ಪರವಾನಗಿ ಮುಕ್ತ. ಕ್ಯೂಟಿಯಲ್ಲಾದರೆ ಡೆಲಿಗೇಟ್‌ನ ಸೈಜ್‌ಹಿಂಟ್‌ನಲ್ಲಿ ಎತ್ತರ ಹೇಳಿದರೆ ಮುಗಿಯಿತು.

ಅಂಕಿಗಳು. ಯಾರಾದರೂ ‘೭೫ ಕೆ.ಜಿ.’ ಎಂದು ಬರೆಯುತ್ತಾರೆ, ಬರೆಯಲಿ. ಸಿ ಶಾರ್ಪ್‌ನಲ್ಲಿ ಕ್ಯಾರ್‌ನ ಈಸ್‌ಡಿಜಿಟ್ ‘೭’ನ್ನು ಅಂಕಿ ಎಂದು ಒಪ್ಪುತ್ತದೆ, ಆದರೆ ಇಂಟ್‌ನ ಪಾರ್ಸ್ ಅದನ್ನೇ ಕೊಟ್ಟರೆ ಎಕ್ಸೆಪ್ಷನ್ ಎಸೆಯುತ್ತದೆ. ಪೈಥಾನ್‌ನಲ್ಲಿ ಹೀಗಿಲ್ಲ, ಅದರ ಇಂಟ್ ಕನ್ನಡ ಅಂಕಿಯನ್ನು ನೇರವಾಗಿ ಓದುತ್ತದೆ. ನಿಮ್ಮ ಕನ್ವರ್ಟರ್‌ನಲ್ಲಿ ಮೊದಲೇ ಪ್ರತಿ ಅಂಕಿಯನ್ನೂ ಗೆಟ್‌ಡೆಸಿಮಲ್‌ಡಿಜಿಟ್‌ವ್ಯಾಲ್ಯೂ ಮೂಲಕ ಸಾಮಾನ್ಯ ಅಂಕಿಗೆ ತಿರುಗಿಸಿ, ಆಮೇಲೆ ಪಾರ್ಸ್ ಮಾಡಿ. ತೋರಿಸುವಾಗ ಕನ್ನಡ ಕಲ್ಚರ್ (ಭಾಷೆಯ ಬರವಣಿಗೆ ಪದ್ಧತಿಯ ಸೆಟ್ಟಿಂಗ್) ಕೊಟ್ಟರೆ 1,00,000 ಎಂದು ನಮ್ಮ ಪದ್ಧತಿಯಲ್ಲೇ ಅಲ್ಪವಿರಾಮ ಬೀಳುತ್ತದೆ.

ಮಾನದ ಹೆಸರನ್ನು ನೇರ ಹೋಲಿಸಬೇಡಿ. ‘ಕೆ.ಜಿ.’, ‘ಕೆಜಿ’, ‘ಕೆ ಜಿ’ ಮೂರೂ ಬರುತ್ತವೆ. ಚುಕ್ಕೆ, ಜಾಗ, ಕಣ್ಣಿಗೆ ಕಾಣದ ಜೋಡಕ ಅಕ್ಷರಗಳನ್ನು ತೆಗೆದು, ನಾರ್ಮಲೈಸ್ ಕರೆದು ಹೋಲಿಸಿ. ‘ಲೋಡ್’ ಎಂಬುದರ ಓಕಾರ ಒಂದೇ ಸಂಕೇತವಾಗಿಯೂ ಇರಬಹುದು, ಬಿಡಿ ತುಂಡುಗಳಾಗಿಯೂ ಇರಬಹುದು. ನೋಡಲು ಒಂದೇ, ಹೋಲಿಕೆಯಲ್ಲಿ ಬೇರೆ.

ಕೀಲಿ ಒತ್ತಿದಾಗಲೆಲ್ಲಾ ಪರೀಕ್ಷಿಸುವ ಅಭ್ಯಾಸ ಬಿಡಿ. ಕೆಲವು ಕನ್ನಡ ಟೈಪಿಂಗ್ ತಂತ್ರಾಂಶಗಳು ಹಿಂದಿನ ಅಕ್ಷರ ಅಳಿಸಿ ಹೊಸದನ್ನು ಬರೆಯುತ್ತಾ ಹೋಗುತ್ತವೆ. ನಡುವಿನ ಸ್ಥಿತಿಯನ್ನು ನೀವು ತಡೆದರೆ ಪೂರ್ತಿ ಅಕ್ಷರ ಮೂಡುವುದೇ ಇಲ್ಲ. ಪರೀಕ್ಷೆ ಕನ್ವರ್ಟರ್‌ನಲ್ಲಿ, ಒಪ್ಪಿಸುವಾಗ ಒಮ್ಮೆ.

ಸಾಲುಗಳ ಕ್ರಮವೂ ನೋಡಿ. ಅಕಾರಾದಿಯಲ್ಲಿ ಬಿಟ್ಟರೆ ಅಗಲ ಮೇಲೆ, ಎತ್ತರ ನಡುವೆಲ್ಲೋ ಹೋಗುತ್ತದೆ. ಗ್ರಿಡ್‌ನ ಪ್ರಾಪರ್ಟಿಸಾರ್ಟ್ ಕೆಟಗರೈಸ್ಡ್ ಮಾತ್ರ ಇಟ್ಟು, ಅಂಶದ ಕ್ಲಾಸ್‌ಗೆ ಒಂದು ಟೈಪ್‌ಕನ್ವರ್ಟರ್ ಬರೆದು ಗೆಟ್‌ಪ್ರಾಪರ್ಟೀಸ್‌ನಲ್ಲಿ ನಿಮಗೆ ಬೇಕಾದ ಕ್ರಮ ಕೊಡಿ.

ಗಿರಣಿ_ಆಫೀಸು · ಗುರುವಾರ ರಾತ್ರಿ

ನಾ ಪ್ರೋಗ್ರಾಮರ್ ಅಲ್ರಿ. ಸಿಂಧನೂರು ಕಡೆ ಗಿರಣಿ ಆಫೀಸಿನಾಗ ಚೀಟಿ ಕೊಡೋ ಕೆಲಸ ನಂದು. ತಮ್ಮ ಈ ಚರ್ಚೆ ತೋರಿಸಿದ, ಓದಿದೆ, ಕೋಡಿನ ಮಾತು ತಿಳೀಲಿಲ್ಲ. ಆದರ ನೀವು ಮಾಡೋದು ನಮ್ಮ ಸಲುವಾಗಿ, ಅದಕ್ಕ ನಾಲ್ಕು ಮಾತು ಹೇಳ್ತೀನಿ.

ಸುಗ್ಗಿಯಾಗ ಲಾರಿ, ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತಿರ್ತಾವ. ಆವಾಗ ಯಾರೋ ಕೈತಪ್ಪಿ ನಿವ್ವಳದ ಜಾಗ ಸರಿಸಿದರ ಚೀಟಿ ಹಾಳು, ಮಂದಿ ಒದರಾಡ್ತಾರ. ಜಾಗ, ಅಗಲ ನಮಗ ಬ್ಯಾಡ್ರಿ, ಮುಚ್ಚಿಡ್ರಿ. ನಮಗ ಬೇಕಾದದ್ದು ಚೀಲದ ತೂಕ, ತೇವಾಂಶದ ಕಡಿತ, ಕೆಳಗ ಬರೋ ಎರಡು ಸಾಲು ಮಾತು, ಎಷ್ಟು ಪ್ರತಿ ತೆಗೀಬೇಕು, ಇಷ್ಟ. ಮೌಸ್ ಹುಡುಕೋ ಹಂಗ ಇರಬಾರದು, ಕೀಲಿಯಿಂದನೇ ಆಗಬೇಕು.

ಇನ್ನೊಂದು, ರೈತರು ಚೀಟಿ ಕೈಗೆ ಬಂದ ತಕ್ಷಣ ಚೀಲ ಎಷ್ಟು ಅಂತ ನೋಡ್ತಾರ, ಕೆ.ಜಿ. ಆಮ್ಯಾಲೆ. ಕಡಿತ ಎಷ್ಟು, ಯಾವ ಲೆಕ್ಕದಾಗ ಅಂತ ಕೇಳ್ತಾರ, ಕೇಳೋದು ಅವರ ಹಕ್ಕು. ಕೋಷ್ಟಕದಾಗ ಯಾವ ಸಾಲು ಹತ್ತೇತಿ ಅಂತ ಚೀಟಿ ಮ್ಯಾಲೇ ಬರಬೇಕು. ಹಂಗಾದರ ನಮಗೂ ಜಗಳ ಇರೂದಿಲ್ಲ.

ಕುಷ್ಟಗಿ_ಡೆಲ್ಫಿ · ಶುಕ್ರವಾರ

ಈ ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದ ಮಾತು ಇದೇ. ಗಂಗಾವತಿಯವರೇ, ಇದನ್ನು ಅಚ್ಚು ತೆಗೆದು ಗೋಡೆಗೆ ಅಂಟಿಸಿಕೊಳ್ಳಿ.

ಬಳ್ಳಾರಿ_ಲೇಬಲ್ · ಶುಕ್ರವಾರ

ಇದಕ್ಕೆ ದಾರಿ ಸಿದ್ಧವಿದೆ. ‘ಗುಮಾಸ್ತರಿಗೆ’ ಎಂಬ ಸ್ವಂತ ಆ್ಯಟ್ರಿಬ್ಯೂಟ್ ಬರೆದು ಬೇಕಾದ ಪ್ರಾಪರ್ಟಿಗಳ ಮೇಲೆ ಹಾಕಿ. ಗ್ರಿಡ್‌ನ ಬ್ರೌಸಬಲ್‌ಆ್ಯಟ್ರಿಬ್ಯೂಟ್ಸ್‌ಗೆ ಅದನ್ನು ಕೊಟ್ಟರೆ ಅವು ಮಾತ್ರ ಕಾಣುತ್ತವೆ. ನೀವು ಕೂತಾಗ ಪೂರ್ತಿ ಪಟ್ಟಿ, ಅವರು ಕೂತಾಗ ಆ ನಾಲ್ಕೈದು ಸಾಲು. ಅವರ ನೋಟದಲ್ಲಿ ಕ್ಯಾನ್ವಾಸ್ ಮೇಲೆ ಎಳೆಯುವುದನ್ನೂ ನಿಲ್ಲಿಸಿ. ಎಫ್4 ಅಥವಾ ಆಲ್ಟ್ ಜೊತೆ ಕೆಳಬಾಣ ಒತ್ತಿದರೆ ಡ್ರಾಪ್‌ಡೌನ್ ತೆರೆಯುತ್ತದೆ. ಹೆಲ್ಪ್‌ವಿಸಿಬಲ್ ಇಟ್ಟು ಪ್ರತಿ ಪ್ರಾಪರ್ಟಿಗೂ ಕೆಳಗಿನ ವಿವರಣೆ ಕನ್ನಡದಲ್ಲಿ ಬರೆಯಿರಿ, ಒಂದೇ ವಾಕ್ಯ ಸಾಕು. ಡೀಫಾಲ್ಟ್‌ವ್ಯಾಲ್ಯೂ ಆ್ಯಟ್ರಿಬ್ಯೂಟ್ ಹಾಕಿದರೆ ಬದಲಾದ ಮೌಲ್ಯ ದಪ್ಪಕ್ಷರದಲ್ಲಿ ಕಾಣುತ್ತದೆ. ಯಾರಾದರೂ ಮುಟ್ಟಿದ್ದಾರೆಯೇ ಎಂದು ಕೂಡಲೇ ತಿಳಿಯುತ್ತದೆ. ಆದರೆ ಆ ಆ್ಯಟ್ರಿಬ್ಯೂಟ್ ಆರಂಭದ ಮೌಲ್ಯವನ್ನು ತಾನೇ ಇಡುವುದಿಲ್ಲ, ಅದನ್ನು ಕನ್‌ಸ್ಟ್ರಕ್ಟರ್‌ನಲ್ಲಿ ಬೇರೆ ಇಡಬೇಕು.

ಗಂಗಾವತಿ_ಚೀಟಿ · ಶುಕ್ರವಾರ ಸಂಜೆ

ಗಿರಣಿ ಆಫೀಸಿನ ಅಣ್ಣಾರಿಗೆ ದೊಡ್ಡ ನಮಸ್ಕಾರ. ಕಡಿತದ ಸಾಲು ಚೀಟಿ ಮ್ಯಾಲೆ ಬರೋ ಹಂಗ ಇವತ್ತೇ ಸೇರಿಸ್ತೀನಿ.

ಎರಡು ಪ್ರಶ್ನೆ ಉಳಿದಾವ. ಪ್ರಿಂಟರ್ 203 ಡಿಪಿಐ, ಅಂದರ ಮಿ.ಮೀ.ಗೆ 8 ಚುಕ್ಕೆ, 72 ಮಿ.ಮೀ. ಮುದ್ರಣಕ್ಕ 576 ಚುಕ್ಕೆ. ಜಾಗವನ್ನ ಚುಕ್ಕೆಯಾಗ ಉಳಿಸಲೋ ಮಿ.ಮೀ.ನಾಗ ಉಳಿಸಲೋ? ಅನ್‌ಡೂ ಹೆಂಗ ಕೂಡಿಸೋದು?

ರಾಯಚೂರು_ಕ್ಯೂಟಿ · ಶುಕ್ರವಾರ ರಾತ್ರಿ

ಮಿ.ಮೀ.ನಲ್ಲಿ ಉಳಿಸಿ, ಮುದ್ರಿಸುವಾಗ ಮಾತ್ರ ಚುಕ್ಕೆಗೆ ಹೊಂದಿಸಿ. ನಾಳೆ ಗಿರಣಿಯವರು 300 ಡಿಪಿಐ ಪ್ರಿಂಟರ್ ತಂದರೆ ಮಿ.ಮೀ.ಗೆ ಸುಮಾರು 12 ಚುಕ್ಕೆ ಆಗುತ್ತದೆ. ಚುಕ್ಕೆಯಲ್ಲಿ ಉಳಿಸಿದ್ದ ಚೀಟಿಗಳೆಲ್ಲಾ ಕುಗ್ಗಿಹೋಗುತ್ತವೆ. ಎಡಿಟರ್‌ನಲ್ಲಿ ಮೇಲೆ ಕೆಳಗೆ ಬಾಣ ಒತ್ತಿದಾಗ ಈಗಿನ ಪ್ರಿಂಟರ್‌ನ ಒಂದು ಚುಕ್ಕೆಯಷ್ಟು, 0.125 ಮಿ.ಮೀ. ಸರಿಯಲಿ.

ಅನ್‌ಡೂಗೆ ಗ್ರಿಡ್‌ನ ಪ್ರಾಪರ್ಟಿವ್ಯಾಲ್ಯೂಚೇಂಜ್ಡ್ ಈವೆಂಟ್ ಒಂದನ್ನೇ ನಂಬಬೇಡಿ. ಅದು ಕೊಡುವುದು ಒಂದು ಹಳೆಯ ಮೌಲ್ಯ. ಐದು ಅಂಶ ಆರಿಸಿದ್ದರೆ ಐದು ಹಳೆಯ ಮೌಲ್ಯ ಬೇಕು. ಅಂಶದ ಸೆಟ್ಟರ್‌ಗಳೇ ಬದಲಾವಣೆಯನ್ನು ಒಂದು ದಾಖಲೆಗೆ ಬರೆಯಲಿ, ಒಂದೇ ಒಪ್ಪಿಗೆಯಲ್ಲಿ ಆದದ್ದೆಲ್ಲಾ ಒಂದು ಗುಂಪಾಗಲಿ. ಕ್ಯೂಟಿಯಲ್ಲಿ ಕ್ಯೂಅನ್‌ಡೂಕಮಾಂಡ್‌ನ ಮರ್ಜ್‌ವಿತ್ ಇದೆ. ಅದೇ ಅಂಶದ ಅದೇ ಪ್ರಾಪರ್ಟಿ ಮೇಲಿಂದ ಮೇಲೆ ಬದಲಾದರೆ ಒಂದರಲ್ಲಿ ಸೇರಿಸಿಕೊಳ್ಳುವಂತೆ ಅದನ್ನು ಬರೆಯಬಹುದು. ಬಾಣ ಒತ್ತಿ ಸರಿಸುವಾಗ ಅದು ಬೇಕೇ ಬೇಕು, ಸಿ ಶಾರ್ಪ್‌ನಲ್ಲಿ ಅದೇ ರೀತಿ ನೀವು ಬರೆದುಕೊಳ್ಳಿ. ಬದಲಾಗದ ಟೈಪ್‌ಗಳನ್ನು ಮಾಡಿದ್ದರ ಫಲ ಇಲ್ಲೂ ಸಿಗುತ್ತದೆ, ಹಳೆಯ ಮೌಲ್ಯವನ್ನು ಹಾಗೇ ಇಟ್ಟುಕೊಂಡರೆ ಸಾಕು, ನಕಲು ಬೇಡ.

ಕೊಪ್ಪಳ_ಎಂಸಿಎ · ಶನಿವಾರ

ನನ್ನ ಪ್ರಾಜೆಕ್ಟ್‌ಗೆ ಇದನ್ನೇ ಪೈಥಾನ್, ಪೈಸೈಡ್‌ನಲ್ಲಿ (ಪೈಥಾನ್‌ನಿಂದ ಕ್ಯೂಟಿ ಬಳಸುವ ಲೈಬ್ರರಿ) ಮಾಡಿ ನೋಡುತ್ತೇನೆ. ಕೊಪ್ಪಳದ ಕಿನ್ನಾಳ ಗೊಂಬೆಗಳಿಗೆ ಬೆಲೆ ಚೀಟಿ ಡಿಸೈನರ್ ಎಂದು ಯೋಚಿಸಿದ್ದೇನೆ. ಬಣ್ಣ, ಎತ್ತರ, ಬೆಲೆ ಇಷ್ಟಕ್ಕೆ ಎಡಿಟರ್ ಬೇಕು. ಮೊದಲು ಟೈಪ್‌ಗಳನ್ನು ಬರೆದು ಇಲ್ಲೇ ತೋರಿಸುತ್ತೇನೆ, ತಿದ್ದಿಕೊಡಿ.

ರಾಯಚೂರು_ಕ್ಯೂಟಿ · ಶನಿವಾರ

ಖಂಡಿತ. ಬಣ್ಣಕ್ಕೆ ಕ್ಯೂಕಲರ್‌ಡೈಲಾಗ್ ಸಿದ್ಧವಿದೆ, ಪೇರೆಂಟ್ ವಿಷಯ ಮಾತ್ರ ನೆನಪಿರಲಿ. ಬೆಲೆಯನ್ನು ಫ್ಲೋಟ್‌ನಲ್ಲಿ ಇಡಬೇಡಿ, ಪೈಸೆಯ ಪೂರ್ಣಾಂಕ ಅಥವಾ ಡೆಸಿಮಲ್ ಇರಲಿ.

ಗಂಗಾವತಿ_ಚೀಟಿ · ಭಾನುವಾರ

ಜಾಗ ಮಿ.ಮೀ.ಗೆ ಬದಲಿಸಿದೆ, ಗುಮಾಸ್ತರ ನೋಟ ಬ್ಯಾರೆ ಆತು, ನೋಟೋ ಫಾಂಟ್ ಹಾಕಿದ ಮ್ಯಾಲೆ ಒತ್ತಕ್ಷರ ಪೂರ್ತಿ ಕಾಣಾಕತ್ತಾವ. ತೂಕ, ಉದ್ದ, ಕಡಿತಕೋಷ್ಟಕ ಮೂರೂ ಟೈಪ್, ಅವುಗಳ ಕನ್ವರ್ಟರ್, ಪರೀಕ್ಷೆ ಎಲ್ಲಾ ಬೇರೆ ಲೈಬ್ರರಿ ಮಾಡಿ ಮುಕ್ತವಾಗಿ ಇಲ್ಲೇ ಹಾಕ್ತೀನಿ, ಯಾರು ಬೇಕಾದರೂ ತಗೊಳ್ರಿ. ಅನ್‌ಡೂ ಅರ್ಧ ಆಗೇತಿ. 300 ಡಿಪಿಐ ಪ್ರಿಂಟರ್ ನನ್ನ ಹತ್ರ ಇಲ್ಲ, ಇದ್ದವರು ಒಂದು ಚೀಟಿ ತೆಗೆದು ಅಳತೆಪಟ್ಟಿ ಹಿಡಿದು ನೋಡಿ ಹೇಳಬೇಕು.

ಬಳ್ಳಾರಿ_ಲೇಬಲ್ · ಭಾನುವಾರ

ನನ್ನ ಹತ್ತಿರ ಇದೆ. ಫೈಲ್ ಹಾಕಿ, ನಾಳೆ ಸಂಜೆಯೊಳಗೆ ಅಳತೆ ತಿಳಿಸುತ್ತೇನೆ.